ಪೊಲೀಸರ ಎದೆ ಮೇಲಿನ ಕ್ಯಾಮೆರಾ ಮತ್ತು ನಮ್ಮ ಹಕ್ಕು: ಪದೇ ಪದೇ ಕೇಳೋ ಪ್ರಶ್ನೆಗಳು

ಮೊದ್ಲು ಇದನ್ನ ಯಾಕೆ ಬರೀತಿದೀನಿ ಅಂತ ಹೇಳ್ಬಿಡ್ತೀನಿ. ನಮ್ಮ ಚಿಕ್ಕಪ್ಪನ ಮಗ ಒಂದಿನ ನೈಟ್ ಶಿಫ್ಟ್ ಮುಗಿಸ್ಕೊಂಡು ಬೈಕಲ್ಲಿ ಬರ್ತಿದ್ದಾಗ ಚೆಕಿಂಗ್‌ಗೆ ನಿಲ್ಸಿದ್ರು, ಡಾಕ್ಯುಮೆಂಟ್ ಎಲ್ಲಾ ಸರಿ ಇತ್ತು, ಮಾತಿಗೆ ಮಾತು ಬೆಳೀತು, ಕಪಾಳಕ್ಕೆ ಎರಡೇಟು ಬಿತ್ತು. ಹೊಡೆದವರ ಪಕ್ಕದಲ್ಲೇ ನಿಂತಿದ್ದ ಇನ್ನೊಬ್ರ ಎದೆ ಮೇಲೆ ಕ್ಯಾಮೆರಾ ಇತ್ತು, ಅದರ ಲೈಟ್ ಮಿಣುಕ್ತಿತ್ತು ಅಂತ ಅವನು ಈಗ್ಲೂ ಹೇಳ್ತಾನೆ. ಮನೇಲಿ ಎಲ್ರೂ "ಪೊಲೀಸರ ಸಹವಾಸ ಬೇಡ ಬಿಡೋ" ಅಂದ್ರು, ಎರಡು ತಿಂಗಳು ಸುಮ್ನಿದ್ದು ಆಮೇಲೆ ಆರ್‌ಟಿಐ ಹಾಕಿದ್ವಿ, ಒಂದೇ ಸಾಲಿನ ಹಿಂಬರಹ ಬಂತು, "ಸದರಿ ದಿನಾಂಕದ ದೃಶ್ಯಾವಳಿ ಲಭ್ಯವಿರುವುದಿಲ್ಲ" ಅಂತ. ಕ್ಯಾಮೆರಾ ಇತ್ತು, ವಿಡಿಯೋ ಇರ್ಲಿಲ್ಲ. ಅವತ್ತಿಂದ ಈ ವಿಷಯ ಓದ್ತಾ ಇದೀನಿ, ಸಿಕ್ಕವರೆಲ್ಲಾ ಕೇಳೋ ಪ್ರಶ್ನೆಗಳಿಗೆ ನಂಗೆ ಗೊತ್ತಿರೋ ಉತ್ತರ ಒಂದ್ಕಡೆ ಇರ್ಲಿ ಅಂತ ಬರ್ದಿದೀನಿ.

ಬಾಡಿಕ್ಯಾಮ್ ಅಂದ್ರೆ ಯಾವಾಗ್ಲೂ ರೆಕಾರ್ಡ್ ಆಗ್ತಾನೇ ಇರತ್ತಾ?

ಇಲ್ಲ. ಸುಮಾರು ಜನ ಇಲ್ಲೇ ಮೋಸ ಹೋಗೋದು. ಎದೆ ಮೇಲೆ ಕ್ಯಾಮೆರಾ ಇದ್ದ ಮಾತ್ರಕ್ಕೆ ರೆಕಾರ್ಡ್ ಆಗ್ತಿದೆ ಅಂತ ಅಲ್ಲ, ಸಾಮಾನ್ಯವಾಗಿ ಹಾಕ್ಕೊಂಡವರು ಬಟನ್ ಒತ್ತಿದ್ರೇನೇ ವಿಡಿಯೋ ಸೇವ್ ಆಗೋದು. ಡ್ಯೂಟಿ ಮುಗಿದ್ಮೇಲೆ ಕ್ಯಾಮೆರಾನ ಡಾಕ್‌ಗೋ ಕಂಪ್ಯೂಟರ್‌ಗೋ ಸಿಗಿಸ್ತಾರೆ, ಅಲ್ಲಿಂದ ಫೈಲ್ ಸರ್ವರ್‌ಗೆ ಹೋಗತ್ತೆ, ಅಲ್ಲಿ ಇಷ್ಟು ದಿನ ಅಂತ ಇಟ್ಟು ಆಮೇಲೆ ಅಳಿಸ್ತಾರೆ. ಅಂದ್ರೆ ಒತ್ತಿದ್ದು ಯಾರು, ಇಟ್ಟಿದ್ದು ಎಲ್ಲಿ, ಅಳಿಸಿದ್ದು ಯಾವಾಗ, ಈ ಮೂರೂ ಪೊಲೀಸರ ಕೈಲೇ ಇರೋದು. ಕ್ಯಾಮೆರಾ ಎಷ್ಟು ಕ್ವಾಲಿಟಿದು ಅನ್ನೋದಕ್ಕಿಂತ ನಾವು ಕೇಳ್ಬೇಕಾಗಿರೋದು ಈ ಮೂರನ್ನ.

ಇನ್ನೊಂದು, ಎಷ್ಟೋ ಮಾಡೆಲ್‌ಗಳಲ್ಲಿ ಬಫರ್ ಅಂತ ಇರತ್ತೆ, ಬಟನ್ ಒತ್ತೋಕೆ ಮುಂಚಿನ 30 ಸೆಕೆಂಡ್ ಚಿತ್ರನೂ ಧ್ವನಿ ಇಲ್ದೇ ತಾನಾಗೇ ಸೇರ್ಕೊಳ್ಳತ್ತೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 2017ರ ಜನವರಿಲಿ ಏನಾಯ್ತು ಅಂದ್ರೆ, ಒಬ್ಬ ಪೊಲೀಸ್ ಕಸ ಬಿದ್ದಿರೋ ಹಿತ್ತಲಲ್ಲಿ ಒಂದು ಡಬ್ಬಿಯೊಳಗೆ ಡ್ರಗ್ಸ್ ಇಟ್ಟ, ರಸ್ತೆಗೆ ಬಂದ, ಕ್ಯಾಮೆರಾ ಆನ್ ಮಾಡಿ ಮತ್ತೆ ಒಳಗೆ ಹೋಗಿ ಆಗ ತಾನೇ "ಹುಡುಕಿದ". ಆದ್ರೆ ಬಫರ್‌ನಿಂದ ಅವನು ಇಟ್ಟಿದ್ದೂ ರೆಕಾರ್ಡ್ ಆಗಿತ್ತು! ಆರೋಪಿ ಪರ ವಾದಿಸೋ ಒಬ್ಬ ಸರ್ಕಾರಿ ವಕೀಲರ ಕಣ್ಣಿಗೆ ಅದು ಬಿದ್ದು ಕೇಸ್ ಬಿದ್ದೋಯ್ತು, ಮುಂದಿನ ವರ್ಷ ಆ ಪೊಲೀಸ್‌ಗೇ ಶಿಕ್ಷೆ ಆಯ್ತು. ಇಲ್ಲಿ ಮುಖ್ಯ ಏನಂದ್ರೆ ವಿಡಿಯೋ ಆರೋಪಿ ಕಡೆ ವಕೀಲರ ಕೈಗೆ ಸಿಕ್ಕಿತ್ತು, ಸಿಗದೇ ಹೋಗಿದ್ರೆ ಆ 30 ಸೆಕೆಂಡ್ ಸರ್ವರ್‌ನಲ್ಲೇ ಕೂತಿರ್ತಿತ್ತು.

ಕ್ಯಾಮೆರಾ ಹಾಕಿದ್ರೆ ಪೊಲೀಸರು ಹೊಡೆಯೋದು ಕಮ್ಮಿ ಆಗತ್ತಾ?

ಒಂದೇ ಉತ್ತರ ಇಲ್ಲ ಇದಕ್ಕೆ, ಅದಕ್ಕೇ ಸ್ವಲ್ಪ ಉದ್ದ ಹೇಳ್ತೀನಿ. ಕ್ಯಾಲಿಫೋರ್ನಿಯಾದ ರಿಯಾಲ್ಟೋ ಅನ್ನೋ ಚಿಕ್ಕ ಊರಲ್ಲಿ 2012ರಲ್ಲಿ ಒಂದು ವರ್ಷ ಪ್ರಯೋಗ ಮಾಡಿದ್ರು, ಅಲ್ಲಿ ಪೊಲೀಸರ ಮೇಲಿನ ದೂರು ವರ್ಷಕ್ಕೆ 24 ಇದ್ದಿದ್ದು 3ಕ್ಕೆ ಇಳೀತು, ಬಲಪ್ರಯೋಗನೂ ಅರ್ಧಕ್ಕಿಂತ ಕೆಳಗೆ ಬಂತು. ಎಷ್ಟೋ ಪೊಲೀಸ್ ಇಲಾಖೆಗಳು ಕ್ಯಾಮೆರಾ ಕೊಳ್ಳೋಕೆ ಇದನ್ನೇ ತೋರಿಸ್ತಿದ್ವು. ಆಮೇಲೆ ವಾಷಿಂಗ್ಟನ್ ಡಿ.ಸಿ.ಲಿ 2,000ಕ್ಕೂ ಜಾಸ್ತಿ ಪೊಲೀಸರನ್ನ ಇಟ್ಕೊಂಡು ದೊಡ್ಡ ಸ್ಟಡಿ ಮಾಡಿದ್ರು, 2017ರಲ್ಲಿ ರಿಸಲ್ಟ್ ಬಂತು, ಕ್ಯಾಮೆರಾ ಇದ್ದವರಿಗೂ ಇಲ್ಲದವರಿಗೂ ಹೇಳಿಕೊಳ್ಳೋ ಅಂಥ ವ್ಯತ್ಯಾಸನೇ ಕಾಣ್ಲಿಲ್ಲ.

ಇವೆರಡರ ನಡುವೆ 2016ರಲ್ಲಿ ಬಂದ ಇನ್ನೊಂದು ಸ್ಟಡಿ ಇದೆ, ಬೇರೆ ಬೇರೆ ಊರುಗಳ ಪ್ರಯೋಗ ಒಟ್ಟು ಮಾಡಿ ನೋಡಿದ್ದು. ಯಾವ ಕಡೆ ಪೊಲೀಸರು ನಿಯಮದ ಪ್ರಕಾರ ಶುರುವಿಂದ ಕೊನೆವರೆಗೂ ಆನ್ ಇಟ್ಟಿದ್ರೋ ಅಲ್ಲಿ ಬಲಪ್ರಯೋಗ ಕಮ್ಮಿ ಆಗಿತ್ತು, ಯಾವ ಕಡೆ "ನಿಮಗೆ ಬೇಕು ಅನ್ಸಿದಾಗ ಆನ್ ಮಾಡಿ" ಅಂತ ಬಿಟ್ಟಿದ್ರೋ ಅಲ್ಲಿ ಜಾಸ್ತಿನೇ ಆಗಿತ್ತು. ನನ್ನ ಪ್ರಕಾರ ಇಡೀ ವಿಷಯದ ತಿರುಳು ಇದೇ. ಸ್ವಿಚ್ ಅವರ ಇಷ್ಟಕ್ಕೆ ಬಿಟ್ರೆ ಕ್ಯಾಮೆರಾ ಇದ್ರೂ ಒಂದೇ ಇಲ್ದಿದ್ರೂ ಒಂದೇ.

ನಮ್ಮ ದೇಶದಲ್ಲಿ ಇದಕ್ಕೆ ಅಂತ ಕಾನೂನು ಏನಾದ್ರೂ ಇದ್ಯಾ?

ಪೊಲೀಸರು ಬಾಡಿಕ್ಯಾಮ್ ಹಾಕ್ಲೇಬೇಕು, ಇಷ್ಟು ದಿನ ವಿಡಿಯೋ ಇಡ್ಲೇಬೇಕು, ಕೇಳಿದ್ರೆ ಕೊಡ್ಲೇಬೇಕು ಅಂತ ಸಂಸತ್ತು ಮಾಡಿರೋ ಒಂದು ಪೂರ್ತಿ ಕಾನೂನು ಇಲ್ಲ. ತುಂಡು ತುಂಡಾಗಿ ಇದೆ. 2021ರ ಆಗಸ್ಟ್‌ನಲ್ಲಿ ಮೋಟಾರು ವಾಹನ ನಿಯಮಗಳಿಗೆ 167ಎ ಅಂತ ಸೇರಿಸಿದ್ರು, ಅದರಲ್ಲಿ ಸ್ಪೀಡ್ ಗನ್, ಸಿಸಿಟಿವಿ ಜೊತೆ ಬಾಡಿಕ್ಯಾಮ್ ಹೆಸರೂ ಇದೆ. ಇನ್ನೊಂದು 2024ರ ಜುಲೈ 1ರಿಂದ ಜಾರಿಗೆ ಬಂದಿರೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಹಳೇ ಸಿಆರ್‌ಪಿಸಿ (ಕ್ರಿಮಿನಲ್ ಕೇಸ್ ಹೇಗೆ ನಡೆಸ್ಬೇಕು ಅನ್ನೋ ಕಾನೂನು) ಜಾಗಕ್ಕೆ ಬಂದಿದ್ದು. ಇದರ 105ನೇ ಸೆಕ್ಷನ್ ಪ್ರಕಾರ ಪೊಲೀಸರು ಮನೆ ಸರ್ಚ್ ಮಾಡಿದ್ರೆ, ವಸ್ತು ಜಪ್ತಿ ಮಾಡಿದ್ರೆ, ಆ ಇಡೀ ಪ್ರಕ್ರಿಯೆ, ಮಹಜರಿನ ಪಟ್ಟಿ ಬರೆದು ಸಾಕ್ಷಿಗಳ ಸಹಿ ಹಾಕಿಸೋವರೆಗೂ ವಿಡಿಯೋ ಮಾಡ್ಲೇಬೇಕು, ಮೊಬೈಲಲ್ಲಿ ಆದ್ರೂ ಸರಿ, ಮತ್ತೆ ಅದನ್ನ ತಡ ಮಾಡ್ದೇ ಮ್ಯಾಜಿಸ್ಟ್ರೇಟ್‌ಗೆ ಕಳಿಸ್ಬೇಕು. ಮಾಡಬಹುದು ಅಂತಲ್ಲ, ಮಾಡ್ಲೇಬೇಕು ಅಂತಾನೇ ಇದೆ. ಮೊದ್ಲೆಲ್ಲಾ ಠಾಣೆಲಿ ಕೂತು ಮಹಜರು ಬರ್ದು, ಯಾರೋ ಗೊತ್ತಿರೋ ಪಂಚರ ಹತ್ರ ಸಹಿ ಹಾಕಿಸ್ಕೊಂಡ್ರು ಅಂತ ಕೋರ್ಟಲ್ಲಿ ವಾದ ನಡೀತಾನೇ ಇರ್ತಿತ್ತಲ್ಲ, ಅದಕ್ಕೆ ಇದೊಂದು ಒಳ್ಳೇ ಕಡಿವಾಣ. ನಿಮ್ಮ ಮನೆಗೆ ಸರ್ಚ್‌ಗೆ ಬಂದ್ರೆ ಮರ್ಯಾದೆಯಿಂದ ಕೇಳಿ, "ಸರ್, ವಿಡಿಯೋ ಆಗ್ತಿದ್ಯಾ?"

ಕ್ಯಾಮೆರಾ ಆನ್ ಇಲ್ದೇ ಟ್ರಾಫಿಕ್ ಪೊಲೀಸ್ ದಂಡ ಹಾಕಿದ್ರೆ ಕಟ್ಬೇಕಾ?

"ಕ್ಯಾಮೆರಾ ಇಲ್ಲ ಅಂದ್ರೆ ದಂಡ ಇಲ್ಲ" ಅಂತ ವಾಟ್ಸಾಪಲ್ಲಿ ಓಡಾಡ್ತಿರತ್ತೆ, ಅದನ್ನ ನಂಬ್ಕೊಂಡು ರೋಡಲ್ಲಿ ಜಗಳಕ್ಕೆ ಹೋಗ್ಬೇಡಿ. ನೀವು ಸಿಗ್ನಲ್ ಜಂಪ್ ಮಾಡಿದ್ದನ್ನ ಅಧಿಕಾರಿ ಕಣ್ಣಾರೆ ನೋಡಿದ್ರೆ ಕ್ಯಾಮೆರಾ ಇಲ್ದೇನೂ ಕೇಸ್ ಹಾಕಬಹುದು. ಆದ್ರೆ ಬರೀ ಕ್ಯಾಮೆರಾ ನೋಡಿ ಮನೆಗೆ ಚಲನ್ ಕಳಿಸಿದ್ರೆ ಆಗ 167ಎ ನಿಯಮ ಬರತ್ತೆ, ಉಲ್ಲಂಘನೆ ಆದ 15 ದಿನದೊಳಗೆ ನೋಟಿಸ್ ಕಳಿಸ್ಬೇಕು, ನಂಬರ್ ಪ್ಲೇಟ್ ಕಾಣೋ ಫೋಟೋ, ದಿನಾಂಕ, ಸಮಯ, ಜಾಗ ಇರ್ಬೇಕು, ಚಲನ್ ಇತ್ಯರ್ಥ ಆಗೋವರೆಗೂ ಆ ದಾಖಲೆ ಇಟ್ಟಿರ್ಬೇಕು. ಫೋಟೋಲಿ ಗಾಡಿ ನಿಮ್ದಲ್ಲ ಅಂದ್ರೆ ಧೈರ್ಯವಾಗಿ ಪ್ರಶ್ನೆ ಮಾಡಿ.

ಸುಮ್ನೆ ಡಾಕ್ಯುಮೆಂಟ್ ಚೆಕ್ ಮಾಡೋಕೆ ಗಾಡಿ ನಿಲ್ಸೋದ್ರ ಬಗ್ಗೆ 2022ರ ಜೂನ್‌ನಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಅವ್ರು ಬಹಿರಂಗವಾಗಿ ಹೇಳಿದ್ರು, ಕಣ್ಣಿಗೆ ಕಾಣೋ ಅಂಥ ಉಲ್ಲಂಘನೆ ಇಲ್ದಿದ್ರೆ ಬರೀ ಡಾಕ್ಯುಮೆಂಟ್‌ಗೋಸ್ಕರ ನಿಲ್ಲಿಸೋ ಹಾಗಿಲ್ಲ, ಕುಡಿದು ಓಡಿಸೋದ್ರ ತಪಾಸಣೆ ಮಾತ್ರ ಬೇರೆ ಅಂತ. ನಮ್ಮ ಹುಡುಗನ ಕೇಸಲ್ಲಿ ಶುರುವಾಗಿದ್ದೇ ಇಲ್ಲಿಂದ.

ರೋಡ್ ಬಿಡಿ, ಠಾಣೆ ಒಳಗೆ ಏನಾದ್ರೂ ಆದ್ರೆ?

ಇದು ಬಾಡಿಕ್ಯಾಮ್‌ಗಿಂತ ದೊಡ್ಡ ವಿಷಯ, ಯಾಕಂದ್ರೆ ರೋಡಲ್ಲಿ ನಾಲ್ಕು ಜನ ನೋಡ್ತಿರ್ತಾರೆ, ಲಾಕಪ್ ಒಳಗೆ ಯಾರಿದ್ದಾರೆ? 2020ರ ಡಿಸೆಂಬರ್ 2ಕ್ಕೆ ಸುಪ್ರೀಂ ಕೋರ್ಟ್ ಪರಮ್‌ವೀರ್ ಸಿಂಗ್ ಸೈನಿ ಕೇಸಲ್ಲಿ ಕೊಟ್ಟ ತೀರ್ಪು ಪ್ರತಿಯೊಬ್ರಿಗೂ ಗೊತ್ತಿರ್ಬೇಕು. ದೇಶದ ಪ್ರತಿ ಠಾಣೆಲೂ ಗೇಟು, ಒಳಗೆ ಬರೋ ಹೋಗೋ ದಾರಿ, ಲಾಕಪ್, ಕಾರಿಡಾರು, ಇನ್ಸ್‌ಪೆಕ್ಟರ್ ರೂಮು, ಎಸ್‌ಐ ರೂಮು, ಹಿಂಭಾಗ, ಶೌಚಾಲಯದ ಹೊರಗೆ, ಎಲ್ಲಾ ಕಡೆ ಸಿಸಿಟಿವಿ ಇರ್ಬೇಕು, ರಾತ್ರಿನೂ ಕಾಣ್ಬೇಕು, ಧ್ವನಿನೂ ರೆಕಾರ್ಡ್ ಆಗ್ಬೇಕು. 18 ತಿಂಗಳು ಇಟ್ಟಿರ್ಬೇಕು, ಅಂಥ ಉಪಕರಣ ಸಿಗ್ದಿದ್ರೆ ಕೊನೇಪಕ್ಷ ಒಂದು ವರ್ಷ. ಕ್ಯಾಮೆರಾ ಕೆಲಸ ಮಾಡ್ತಿದ್ಯಾ, ಬ್ಯಾಕಪ್ ಆಗ್ತಿದ್ಯಾ ಅನ್ನೋದಕ್ಕೆ ಠಾಣಾಧಿಕಾರಿನೇ ಜವಾಬ್ದಾರಿ. ಮೇಲೆ ನೋಡ್ಕೊಳ್ಳೋಕೆ ಜಿಲ್ಲಾ ಮಟ್ಟದಲ್ಲಿ ಒಂದು, ರಾಜ್ಯ ಮಟ್ಟದಲ್ಲಿ ಒಂದು ಸಮಿತಿ. ಸಿಬಿಐ, ಎನ್‌ಐಎ, ಇ.ಡಿ. ಆಫೀಸುಗಳಿಗೂ ಇದೇ ಆದೇಶ.

ಇದೇ ತೀರ್ಪಲ್ಲಿ ಇನ್ನೊಂದು ಸಣ್ಣ ವಿಷಯ ಇದೆ, ನಂಗೆ ತುಂಬಾ ಇಷ್ಟವಾಗಿದ್ದು. ಠಾಣೆಗೆ ಬಂದವರಿಗೆ ಕಾಣೋ ಹಾಗೆ ಸ್ಥಳೀಯ ಭಾಷೆಲೂ ದೊಡ್ಡ ಪೋಸ್ಟರ್ ಹಾಕ್ಬೇಕು, ಇಲ್ಲಿ ಸಿಸಿಟಿವಿ ಇದೆ, ನಿಮ್ಮ ಹಕ್ಕಿಗೆ ಧಕ್ಕೆ ಆದ್ರೆ ಮಾನವ ಹಕ್ಕುಗಳ ಆಯೋಗಕ್ಕೆ, ಮಾನವ ಹಕ್ಕುಗಳ ಕೋರ್ಟಿಗೆ, ಎಸ್‌ಪಿಗೆ ದೂರು ಕೊಡಬಹುದು, ಆ ವಿಡಿಯೋ ಕಾಪಾಡಿ ಇಡಿ ಅಂತ ಕೇಳೋ ಹಕ್ಕು ನಿಮಗಿದೆ ಅಂತ. ನಾನು ಹೋಗಿರೋ ಠಾಣೆಗಳಲ್ಲಿ ಕನ್ನಡದಲ್ಲಿ ಅಂಥ ಪೋಸ್ಟರ್ ನೋಡಿದ ನೆನಪು ನಂಗಿಲ್ಲ. ತೀರ್ಪು ಬಂದು ಐದು ವರ್ಷದ ಹತ್ರ ಆಗ್ತಿದ್ದಾಗ, 2025ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಲಾಕಪ್ ಸಾವುಗಳ ಬಗ್ಗೆ ಪೇಪರಲ್ಲಿ ಬಂದಿದ್ದನ್ನ ನೋಡಿ ಸುಪ್ರೀಂ ಕೋರ್ಟ್ ತಾನಾಗೇ ಕೇಸ್ ಕೈಗೆತ್ಕೊಂಡಿದೆ ಅಂದ್ರೆ ಪರಿಸ್ಥಿತಿ ಹೇಗಿರ್ಬೇಕು ನೋಡಿ.

ವಿಡಿಯೋ ಕೇಳಿದ್ರೆ "ಡಿಲೀಟ್ ಆಗಿದೆ" ಅಂತಾರಲ್ಲ?

ತಮಿಳುನಾಡಿನ ಸಾತಾನ್‌ಕುಳಂ ನೆನಪಿದ್ಯಾ? 2020ರ ಜೂನ್, ಲಾಕ್‌ಡೌನಲ್ಲಿ ಮೊಬೈಲ್ ಅಂಗಡಿ ವಿಷಯಕ್ಕೆ ತಂದೆ ಮಗನನ್ನ ಠಾಣೆಗೆ ಕರ್ಕೊಂಡೋಗಿ ರಾತ್ರಿಯೆಲ್ಲಾ ಹೊಡೆದು ಇಬ್ರೂ ಸತ್ತೋದ್ರು. ತನಿಖೆಗೆ ಹೋದ ಮ್ಯಾಜಿಸ್ಟ್ರೇಟ್ ನೋಡಿದ್ರೆ ಠಾಣೆಲಿ ಸಿಸಿಟಿವಿ ಇತ್ತು, ಹಾರ್ಡ್‌ಡಿಸ್ಕಲ್ಲಿ ಜಾಗನೂ ಬೇಕಾದಷ್ಟಿತ್ತು, ಆದ್ರೆ ದಿನಾ ದಿನದ ವಿಡಿಯೋ ತಾನಾಗೇ ಅಳಿಸೋ ಹಾಗೆ ಸೆಟ್ ಮಾಡಿದ್ರು. ಆ ಕೇಸ್ ನಿಂತಿದ್ದು ಆ ರಾತ್ರಿ ಅಲ್ಲೇ ಡ್ಯೂಟಿಲಿದ್ದ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಧೈರ್ಯ ಮಾಡಿ ಹೇಳಿದ ಸಾಕ್ಷಿಯಿಂದ. ಆ ತಾಯಿಗೆ ಕೈ ಮುಗೀಬೇಕು.

ಕಾನೂನಿನ ಪ್ರಕಾರ "ಡಿಲೀಟ್ ಆಯ್ತು" ಅಂದ ತಕ್ಷಣ ವಿಷಯ ಮುಗಿಯಲ್ಲ. 2015ರಲ್ಲಿ ತೋಮಾಸೋ ಬ್ರೂನೋ ಕೇಸಲ್ಲಿ ಸುಪ್ರೀಂ ಕೋರ್ಟ್, ಸಿಸಿಟಿವಿ ಇದ್ದೂ ಪೊಲೀಸರು ಅದನ್ನ ಕೋರ್ಟ್ ಮುಂದೆ ಇಡದೇ ಹೋದ್ರೆ ಅದನ್ನ ಅವರ ವಿರುದ್ಧವಾಗೇ ಅರ್ಥ ಮಾಡ್ಕೋಬಹುದು ಅಂದಿದೆ. ಆದ್ರೆ ಈ ವಾದಕ್ಕೆ ಬಲ ಬರೋದು ನೀವು ಬೇಗ, ಬರವಣಿಗೆಲಿ, ವಿಡಿಯೋ ಉಳಿಸಿ ಅಂತ ಕೇಳಿದ್ರೆ. ನಾವು ಎರಡು ತಿಂಗಳು ಕಾದಿದ್ದೇ ನಮ್ಮ ತಪ್ಪು, ನೀವು ಅದನ್ನ ಮಾಡ್ಬೇಡಿ.

ಹಂಗಾದ್ರೆ ಮೊದಲ ದಿನ ಏನು ಮಾಡ್ಬೇಕು?

ಆರ್‌ಟಿಐ ಆಮೇಲೆ. ಮೊದ್ಲು ಒಂದು ಪತ್ರ, ಅವತ್ತೇ ಅಥವಾ ಮಾರನೇ ದಿನ. ಉದ್ದ ಬೇಡ, ಭಾಷೆ ಸಾಮಾನ್ಯವಾಗಿದ್ರೆ ಸಾಕು, ಹೀಗೆ: "ದಿನಾಂಕ ಇಂಥದ್ದು, ಸಮಯ ಸುಮಾರು ಇಷ್ಟರಿಂದ ಇಷ್ಟರವರೆಗೆ, ಇಂಥ ಸ್ಥಳದಲ್ಲಿ ಕರ್ತವ್ಯದಲ್ಲಿದ್ದ ತಮ್ಮ ಸಿಬ್ಬಂದಿಯ ಬಾಡಿ ಕ್ಯಾಮೆರಾ ದೃಶ್ಯಾವಳಿ ಹಾಗೂ ಠಾಣೆಯ ಸಿಸಿಟಿವಿ ದೃಶ್ಯಾವಳಿಯನ್ನು ಧ್ವನಿ ಸಹಿತ ಅಳಿಸದೆ ಸಂರಕ್ಷಿಸಿಡಬೇಕೆಂದು ಕೋರುತ್ತೇನೆ." ಠಾಣಾಧಿಕಾರಿಗೆ ಒಂದು, ಎಸ್‌ಪಿ ಅಥವಾ ಕಮಿಷನರ್‌ಗೆ ಒಂದು. ಕೈಯಾರೆ ಕೊಟ್ರೆ ಸೀಲು ಹಾಕಿಸಿ ಸ್ವೀಕೃತಿ ತಗೊಳ್ಳಿ, ತಗೊಳ್ಳಲ್ಲ ಅಂದ್ರೆ ವಾದ ಮಾಡ್ಬೇಡಿ, ಸೀದಾ ಪೋಸ್ಟಾಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಫೋಟೋ ತೆಗೆದಿಟ್ಕೊಳ್ಳಿ, ಇಮೇಲೂ ಮಾಡಿ. ಸಮಯ ಎಷ್ಟು ಕರೆಕ್ಟಾಗಿ ಬರೀತೀರೋ ಅಷ್ಟು ಒಳ್ಳೇದು, ಫೋನಿನ ಕಾಲ್ ಲಾಗ್, ಪೆಟ್ರೋಲ್ ಬಿಲ್, ಯುಪಿಐ ಮೆಸೇಜ್ ನೋಡಿದ್ರೆ ನಿಮಿಷದ ಲೆಕ್ಕ ಸಿಗತ್ತೆ. ಏಟು ಬಿದ್ದಿದ್ರೆ ಮೊದ್ಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ (ಗಾಯದ ಬಗ್ಗೆ ಕಾನೂನಿಗೆ ಬೇಕಾದ ಆಸ್ಪತ್ರೆ ದಾಖಲೆ) ಮಾಡ್ಸಿ. ಹತ್ರದ ಅಂಗಡಿ, ಎಟಿಎಂ, ಬಂಕ್‌ಗಳ ಕ್ಯಾಮೆರಾನೂ ವಿಚಾರಿಸಿ, ಅವು ಬೇಗ ಅಳಿಸಿ ಹೋಗ್ತವೆ.

ಆರ್‌ಟಿಐಲಿ ವಿಡಿಯೋ ಕೊಡ್ತಾರಾ?

ಕೇಳೋ ಹಕ್ಕಂತೂ ಇದೆ, 2005ರ ಕಾಯ್ದೆಲಿ ಮಾಹಿತಿ ಅಂದ್ರೆ ಎಲೆಕ್ಟ್ರಾನಿಕ್ ರೂಪದ್ದೂ ಸೇರತ್ತೆ. ನಮ್ಮ ರಾಜ್ಯದಲ್ಲಿ ಅರ್ಜಿ ಫೀಸು 10 ರೂಪಾಯಿ, ಬಿಪಿಎಲ್ ಇದ್ರೆ ಅದೂ ಇಲ್ಲ, ಒಂದು ಅರ್ಜಿಲಿ ಒಂದೇ ವಿಷಯ, 150 ಪದದೊಳಗೆ. 30 ದಿನದೊಳಗೆ ಉತ್ತರ ಕೊಡ್ಬೇಕು, ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆ ಆಗಿದ್ರೆ 48 ಗಂಟೆ. ಕೊಡಲ್ಲ ಅನ್ನೋಕೆ ಎರಡು ಕಾರಣ ಹೇಳ್ತಾರೆ. ಒಂದು 8(1)(ಎಚ್), ತನಿಖೆಗೆ ಅಡ್ಡಿ ಆಗತ್ತೆ ಅಂತ. ತನಿಖೆ ನಡೀತಿದೆ ಅಂದ ಮಾತ್ರಕ್ಕೆ ಸಾಲಲ್ಲ, ಹೇಗೆ ಅಡ್ಡಿ ಆಗತ್ತೆ ಅಂತ ಅವರೇ ತೋರಿಸ್ಬೇಕು ಅಂತ ದೆಹಲಿ ಹೈಕೋರ್ಟ್ 2007ರಲ್ಲೇ ಹೇಳಿದೆ, ಮೇಲ್ಮನವಿಲಿ ಇದನ್ನ ಬರೀರಿ. ಇನ್ನೊಂದು 8(1)(ಜೆ), ವೈಯಕ್ತಿಕ ಮಾಹಿತಿ ಅಂತ. ಇದು ಈಗ ಕಷ್ಟ ಆಗಿದೆ, 2025ರ ನವೆಂಬರ್‌ನಲ್ಲಿ ಡೇಟಾ ಸಂರಕ್ಷಣಾ ಕಾಯ್ದೆ ಮೂಲಕ ಈ ಕಲಮನ್ನ ಬದಲಾಯಿಸಿ, ಮೊದ್ಲಿದ್ದ ಸಾರ್ವಜನಿಕ ಹಿತದ ಷರತ್ತನ್ನ ಅಲ್ಲಿಂದ ತೆಗೆದು ಹಾಕಿದ್ರು. ನನ್ನ ಅಭಿಪ್ರಾಯದಲ್ಲಿ ಇದು ಪೊಲೀಸ್ ವಿಡಿಯೋ ಕೇಳೋ ಎಲ್ರಿಗೂ ಬಿದ್ದ ದೊಡ್ಡ ಹೊಡೆತ. ಆದ್ರೆ 8(2) ಇನ್ನೂ ಇದೆ, ಸಾರ್ವಜನಿಕ ಹಿತ ದೊಡ್ಡದಾಗಿದ್ರೆ ಕೊಡಬಹುದು ಅಂತ. ಅರ್ಜಿಲೇ 8(2) ಉಲ್ಲೇಖ ಮಾಡಿ, ವಿಡಿಯೋಲಿ ಇರೋದು ನಾನೇ, ಬೇರೆಯವರ ಮುಖ ಮಸುಕು ಮಾಡಿ ಕೊಡಿ ಅಂತ ಕೇಳಿ.

ಅಮೆರಿಕದಲ್ಲಿ ಎಲ್ಲಾ ವಿಡಿಯೋ ತಕ್ಷಣ ಬಿಡ್ತಾರಂತೆ ನಿಜಾನಾ?

ಎಲ್ಲಾ ಕಡೆ ಅಲ್ಲ. ಶಿಕಾಗೋದಲ್ಲಿ 2014ರ ಅಕ್ಟೋಬರ್‌ನಲ್ಲಿ 17 ವರ್ಷದ ಲಾಕ್ವಾನ್ ಮೆಕ್‌ಡೊನಾಲ್ಡ್‌ಗೆ ಪೊಲೀಸ್ 16 ಗುಂಡು ಹೊಡೆದ, ಪೊಲೀಸ್ ಕಾರಿನ ಕ್ಯಾಮೆರಾ ವಿಡಿಯೋ ಹೊರಗೆ ಬರೋಕೆ 13 ತಿಂಗಳು ಮತ್ತೆ ಕೋರ್ಟ್ ಆದೇಶ ಬೇಕಾಯ್ತು. ಚಾಕು ಹಿಡ್ಕೊಂಡು ಮೇಲೆ ಬಂದ ಅಂತ ಹೇಳಿದ್ರು, ವಿಡಿಯೋಲಿ ಹುಡುಗ ದೂರ ನಡ್ಕೊಂಡು ಹೋಗ್ತಿದ್ದ. ಮೆಂಫಿಸ್‌ನಲ್ಲಿ 2023ರ ಜನವರಿ 7ಕ್ಕೆ ಟೈರಿ ನಿಕಲ್ಸ್‌ಗೆ ಹೊಡೆದ್ರು, ಮೂರು ದಿನಕ್ಕೆ ಆತ ತೀರ್ಕೊಂಡ, 27ಕ್ಕೆಲ್ಲಾ ವಿಡಿಯೋ ಜನರ ಮುಂದಿತ್ತು, ಐದು ಪೊಲೀಸರ ಮೇಲೆ ಕೊಲೆ ಕೇಸ್ ಆಗಿತ್ತು. ಅಲ್ಲಿ ಗಮನಿಸಿ, ಎದೆ ಮೇಲಿನ ಕ್ಯಾಮೆರಾಗಳು ನೂಕಾಟದಲ್ಲಿ ಅಲ್ಲಾಡಿ ಏನೂ ಸರಿಯಾಗಿ ಕಾಣ್ತಿರ್ಲಿಲ್ಲ, ಯಾರು ಒದ್ದಿದ್ದು ಯಾರು ಹಿಡ್ಕೊಂಡಿದ್ದು ಅಂತ ಸ್ಪಷ್ಟವಾಗಿ ಕಂಡಿದ್ದು ಬೀದಿ ಕಂಬದ ಮೇಲಿದ್ದ ಕ್ಯಾಮೆರಾದಲ್ಲಿ. ಇಷ್ಟಾದ್ರೂ ರಾಜ್ಯದ ಕೋರ್ಟಲ್ಲಿ 2025ರ ಮೇ ತಿಂಗಳಲ್ಲಿ ಮೂವರು ಖುಲಾಸೆ ಆದ್ರು.

ನಾನೇ ಮೊಬೈಲಲ್ಲಿ ಪೊಲೀಸರ ವಿಡಿಯೋ ಮಾಡಬಹುದಾ?

ರಸ್ತೆಲಿ, ಅವರ ಕೆಲಸಕ್ಕೆ ಅಡ್ಡ ಬರ್ದೇ, ಸ್ವಲ್ಪ ದೂರ ನಿಂತು ಮಾಡೋಕೆ ಯಾವ ಕಾನೂನೂ ಬೇಡ ಅಂದಿಲ್ಲ. ಮೈಮೇಲೆ ಹೋಗೋದು, ದಾರಿ ಕಟ್ಟೋದು ಮಾಡಿದ್ರೆ ಕರ್ತವ್ಯಕ್ಕೆ ಅಡ್ಡಿ ಅಂತ ಕೇಸ್ ಬೀಳತ್ತೆ, ಹುಷಾರು. ಠಾಣೆ ಒಳಗೆ ಮಾಡಿದ್ದಕ್ಕೆ ಅಧಿಕೃತ ರಹಸ್ಯ ಕಾಯ್ದೆ ಹಾಕಿದ್ದ ಒಂದು ಕೇಸನ್ನ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ರದ್ದು ಮಾಡಿ, ಪೊಲೀಸ್ ಠಾಣೆ ಆ ಕಾಯ್ದೆ ಹೇಳೋ ನಿಷೇಧಿತ ಸ್ಥಳ ಅಲ್ಲ ಅಂದಿದೆ. ಆದ್ರೂ ಒಬ್ರೇ ಇದ್ದಾಗ ಠಾಣೆ ಒಳಗೆ ಮೊಬೈಲ್ ಎತ್ತೋಕೆ ನಾನಂತೂ ಯಾರಿಗೂ ಹೇಳಲ್ಲ, ಜೀವ ಮುಖ್ಯ.

ಅಮೆರಿಕದಲ್ಲಿ ಪೊಲೀಸ್ ಒಬ್ಬ ಕುತ್ತಿಗೆ ಮೇಲೆ ಮಂಡಿ ಊರಿ ಜಾರ್ಜ್ ಫ್ಲಾಯ್ಡ್ ಸತ್ತಾಗ, 2020ರ ಮೇ 25, ಪೊಲೀಸರು ಮೊದಲು ಕೊಟ್ಟ ಹೇಳಿಕೆಲಿ ಅದನ್ನ ವೈದ್ಯಕೀಯ ಘಟನೆ ಅಂತ ಬರ್ದಿದ್ರು. ಅಲ್ಲಿದ್ದ ಪೊಲೀಸರ ಎದೆ ಮೇಲೆ ಕ್ಯಾಮೆರಾ ಇತ್ತು. ಆದ್ರೂ ಜಗತ್ತಿಗೆ ಗೊತ್ತಾಗಿದ್ದು ಅಂಗಡಿಗೆ ಅಂತ ಬಂದಿದ್ದ 17 ವರ್ಷದ ಹುಡುಗಿ ತನ್ನ ಫೋನಲ್ಲಿ ಮಾಡಿದ ವಿಡಿಯೋಯಿಂದ. ನಮ್ಮ ಬೆಂಗಳೂರಲ್ಲೇ 2022ರ ಡಿಸೆಂಬರ್‌ನಲ್ಲಿ ರಾತ್ರಿ ಮನೆಗೆ ನಡ್ಕೊಂಡು ಹೋಗ್ತಿದ್ದ ಗಂಡ ಹೆಂಡ್ತೀನ ಹೊಯ್ಸಳದವರು (ಗಸ್ತು ಗಾಡಿ ಪೊಲೀಸರು) ತಡೆದು, ಹನ್ನೊಂದು ಗಂಟೆ ಮೇಲೆ ಓಡಾಡೋ ಹಾಗಿಲ್ಲ ಅಂತ ಹೆದರಿಸಿ ಪೇಟಿಎಂನಲ್ಲಿ 1,000 ರೂಪಾಯಿ ಹಾಕಿಸ್ಕೊಂಡ್ರಲ್ಲ, ಆ ಇಬ್ಬರು ಸಸ್ಪೆಂಡ್ ಆಗಿದ್ದು ಯಾವ ಬಾಡಿಕ್ಯಾಮ್‌ನಿಂದನೂ ಅಲ್ಲ, ಆ ದಂಪತಿ ಟ್ವಿಟರಲ್ಲಿ ಬಿಡಿಸಿ ಬರೆದಿದ್ದಕ್ಕೆ.

ಕೋರ್ಟಲ್ಲಿ ಮೊಬೈಲ್ ವಿಡಿಯೋ ನಡೆಯತ್ತಾ?

ನಡೆಯತ್ತೆ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ಬೇಕು, ಹ್ಯಾಶ್ ವ್ಯಾಲ್ಯೂನೂ (ಫೈಲ್ ಬದಲಾಗಿಲ್ಲ ಅಂತ ತೋರಿಸೋ ಕೋಡ್) ಬರೀಬೇಕು, ವಕೀಲರು ಮಾಡ್ಸಿ ಕೊಡ್ತಾರೆ. ನೀವು ಮಾಡ್ಬೇಕಾಗಿರೋದು ಒಂದೇ, ಒರಿಜಿನಲ್ ಫೈಲ್ ಆ ಫೋನಲ್ಲೇ ಇರ್ಲಿ, ಕಟ್ ಮಾಡ್ಬೇಡಿ, ಹಾಡು ಹಾಕ್ಬೇಡಿ, ವಾಟ್ಸಾಪಲ್ಲಿ ಕಳಿಸಿದ್ದು ಒರಿಜಿನಲ್ ಅಲ್ಲ.

ಪೊಲೀಸರನ್ನ ಕಂಡ್ರೆ ನಿಮಗೆ ಆಗಲ್ವಾ?

ಹಂಗೇನಿಲ್ಲ. ಬಂದೋಬಸ್ತ್ ಅಂತ ಹದಿನಾರು ಗಂಟೆ ಬಿಸಿಲಲ್ಲಿ ನಿಂತು, ಕುಡಿದವನ ಹತ್ರ ಅಮ್ಮ ಅಕ್ಕ ಅಂತ ಬೈಸ್ಕೊಂಡು, ಕೊನೆಗೆ ಅವನೇ "ಪೊಲೀಸ್ ಹೊಡೆದ" ಅಂತ ದೂರು ಕೊಟ್ರೆ ಆ ಕಾನ್‌ಸ್ಟೇಬಲ್‌ನ ಕಾಪಾಡೋದೂ ಇದೇ ಕ್ಯಾಮೆರಾನೇ. ನಿಯತ್ತಾಗಿ ಕೆಲಸ ಮಾಡೋ ಪೊಲೀಸರಿಗೆ ವಿಡಿಯೋ ಉಳಿಯೋದು ನಮ್ಮಷ್ಟೇ ಅವರಿಗೂ ಬೇಕು. ಆದ್ರೆ ಅವರಿಗೆ ಅನುಕೂಲ ಆದ ಕ್ಲಿಪ್ ಒಂದು ಗಂಟೆಲಿ ನ್ಯೂಸ್ ಚಾನೆಲ್‌ಗೆ ಹೋಗೋದು, ನಮಗೆ ಬೇಕಾದ್ದು ಮಾತ್ರ ಲಭ್ಯವಿಲ್ಲ ಅನ್ನೋದು, ಇದು ಒಪ್ಪೋ ಮಾತಲ್ಲ. ಅದರಲ್ಲೂ ಸಂತ್ರಸ್ತ ಹೆಣ್ಣುಮಕ್ಕಳು, ಮಕ್ಕಳು, ಯಾರದೋ ಮನೆ ಒಳಗಿನ ದೃಶ್ಯ ಇವೆಲ್ಲಾ ಯಾವ ಕಾರಣಕ್ಕೂ ಹೊರಗೆ ಬರ್ಬಾರ್ದು, ಅತ್ಯಾಚಾರ ಸಂತ್ರಸ್ತೆ ಗುರುತು ಬಿಟ್ಕೊಟ್ರೆ ಅದೇ ಒಂದು ಅಪರಾಧ.

ದೂರು ಎಲ್ಲಿಗೆ ಕೊಡ್ಬೇಕು?

ಲಂಚ ಕೇಳಿದ್ರೆ ಲೋಕಾಯುಕ್ತ. ಹೊಡೆದಿದ್ರೆ, ಅಕ್ರಮವಾಗಿ ಕೂಡಿ ಹಾಕಿದ್ರೆ ಎಸ್‌ಪಿ ಅಥವಾ ಕಮಿಷನರ್, ಜೊತೆಗೆ ರಾಜ್ಯ ಮಾನವ ಹಕ್ಕುಗಳ ಆಯೋಗ. ಇದಲ್ದೇ ಸುಪ್ರೀಂ ಕೋರ್ಟಿನ 2006ರ ಪ್ರಕಾಶ್ ಸಿಂಗ್ ತೀರ್ಪಿನಿಂದ ಬಂದ ಪೊಲೀಸ್ ದೂರು ಪ್ರಾಧಿಕಾರ ಅಂತ ಇದೆ, ಡಿವೈಎಸ್‌ಪಿವರೆಗಿನವರ ಮೇಲೆ ಜಿಲ್ಲಾ ಮಟ್ಟದ್ದು, ಎಸ್‌ಪಿ ಮತ್ತೆ ಮೇಲಿನವರ ಮೇಲೆ ರಾಜ್ಯ ಮಟ್ಟದ್ದು. ಎಷ್ಟೋ ಜನಕ್ಕೆ ಇದು ಇದೆ ಅಂತಾನೇ ಗೊತ್ತಿಲ್ಲ.

ನಂಗೇನೂ ಆಗಿಲ್ಲ, ಆದ್ರೂ ಏನಾದ್ರೂ ಮಾಡಬಹುದಾ?

ಮಾಡಬಹುದು, 10 ರೂಪಾಯಿ ಖರ್ಚು. ನಿಮ್ಮೂರ ಠಾಣೆ ಬಗ್ಗೆ ಎಸ್‌ಪಿ ಆಫೀಸಿಗೆ ಒಂದು ಆರ್‌ಟಿಐ ಹಾಕಿ. ಠಾಣೆಲಿ ಎಷ್ಟು ಸಿಸಿಟಿವಿ ಇದೆ, ಅದರಲ್ಲಿ ಎಷ್ಟು ಕೆಲಸ ಮಾಡ್ತಿದೆ, ಧ್ವನಿ ರೆಕಾರ್ಡ್ ಆಗತ್ತಾ, ಎಷ್ಟು ದಿನದ ದೃಶ್ಯ ಇಡ್ತಾರೆ, ಬಾಡಿಕ್ಯಾಮ್ ಎಷ್ಟು ಕೊಟ್ಟಿದ್ದಾರೆ, ಅದನ್ನ ಯಾವಾಗ ಆನ್ ಮಾಡ್ಬೇಕು ಅಂತ ಹೊರಡಿಸಿರೋ ಸುತ್ತೋಲೆ ಪ್ರತಿ, ಸಿಸಿಟಿವಿ ನೋಡ್ಕೊಳ್ಳೋ ಜಿಲ್ಲಾ ಸಮಿತಿ ಹೋದ ವರ್ಷ ಎಷ್ಟು ಸಲ ಸಭೆ ಸೇರಿದೆ. ಇದರಲ್ಲಿ ಯಾರದೂ ವೈಯಕ್ತಿಕ ಮಾಹಿತಿ ಇಲ್ಲ, ಯಾವ ತನಿಖೆಗೂ ಅಡ್ಡಿ ಇಲ್ಲ, ಕೊಡಲ್ಲ ಅನ್ನೋಕೆ ಅವರಿಗೆ ಕಾರಣ ಸಿಗಲ್ಲ. 150 ಪದದೊಳಗೆ ಆರಾಮಾಗಿ ಬರತ್ತೆ, ನಾನು ನಮ್ಮ ಜಿಲ್ಲೆಗೆ ಹಾಕಿದೀನಿ, ಉತ್ತರಕ್ಕೆ ಕಾಯ್ತಿದೀನಿ.